ಅಕ್ಕ ಸಮುದ್ರಕ್ಕೆ ಹೋದ ವಾರ

ನನ್ನ ಗಂಟಲು ಒಂದು ವಠಾರ. ಗುಬ್ಬಿ ಬಸ್ಸಿನ ಕಂಡಕ್ಟರ್ ಅಲ್ಲಿದ್ದಾನೆ, ಯಾವ ಕಾಯಿಲೆಗೂ "ಗ್ಯಾಸು ಕಣಪ್ಪ" ಅನ್ನುವ ನಮ್ಮ ಬಟವಾಡಿಯ ಡಾಕ್ಟರಿದ್ದಾರೆ, ಮೂಗಿನಲ್ಲೇ ಪಾಠ ಮಾಡಿ ನಿವೃತ್ತರಾದ ನನ್ನ ಲೆಕ್ಕದ ಮೇಷ್ಟ್ರಿದ್ದಾರೆ. ಎಲ್ಲರಿಗೂ ಒಂದೊಂದು ಕೋಣೆ ಕೊಟ್ಟು ಯಜಮಾನನೇ ಜಗಲಿಯಲ್ಲಿ ಮಲಗಿದ್ದಾನೆ. ನನ್ನ ಸ್ವಂತ ದನಿ ಎಷ್ಟು ಸಣ್ಣದೆಂದರೆ, ಸಾಲ ಬೇಕೇ ಎಂದು ಫೋನ್ ಮಾಡುವ ಬ್ಯಾಂಕಿನ ಹುಡುಗಿಯರು ನನ್ನನ್ನು "ಮೇಡಂ" ಎಂದೇ ಕರೆಯುತ್ತಾರೆ. ಬರಲೋ ಬೇಡವೋ ಎಂದು ಯೋಚಿಸುತ್ತಿರುವ ಒಂದು ಮೀಸೆಯನ್ನು ಸಾಕುತ್ತಿದ್ದೇನೆ, ಆದರೆ ಫೋನಿನಲ್ಲಿ ಅದು ಕಾಣುವುದಿಲ್ಲ. ಗಣೇಶನ ಪೆಂಡಾಲಿನಲ್ಲಿ, ಕ್ಯಾತ್ಸಂದ್ರದ ಹಾಸ್ಟೆಲ್ ಡೇಯಲ್ಲಿ ಮಿಮಿಕ್ರಿ, ಆಟೋಗೆ ಕಟ್ಟಿದ ಮೈಕಿನಲ್ಲಿ ಸೀರೆ ಅಂಗಡಿಯ ಜಾಹೀರಾತು, ಇಷ್ಟೇ ನನ್ನ ಉದ್ಯೋಗ. ಕೇಳಿದವರಿಗೆ ಅಮ್ಮ "ಕೆಲ್ಸ ಹುಡುಕ್ತಾವ್ನೆ" ಎಂದು ಹೇಳಿ ಮಾತು ಬದಲಾಯಿಸುತ್ತಾಳೆ.

ಅಕ್ಕನಿಗೆ ಕೆಲಸವಿದೆ. ಬಟವಾಡಿಯಲ್ಲಿ ಬಸ್ಸು ಹತ್ತಿ ದಿನಾ ಗುಬ್ಬಿಗೆ ಹೋಗಿ, ಅಲ್ಲೊಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುತ್ತಾಳೆ. ಮನೆಯಲ್ಲಿ ಇಷ್ಟು ವರ್ಷ ಬಿಟ್ಟಿಯಾಗಿ ಮಾಡುತ್ತಿದ್ದುದಕ್ಕೆ ಈಗ ಸಂಬಳ ಬರುತ್ತಿದೆ ಎಂದು ನಾನು ಎಲ್ಲರ ಮುಂದೆ ಹೇಳುವುದುಂಟು. ಅವಳಿಗೆ ಮೂವತ್ತು ದಾಟಿತ್ತು. ನೋಡಲು ಬಂದವರಲ್ಲಿ ಒಬ್ಬರಿಗೆ ಬಣ್ಣ ಹಿಡಿಸಲಿಲ್ಲ, ಒಬ್ಬರಿಗೆ ವಯಸ್ಸು, ಉಳಿದವರಿಗೆ ಅವಳ ಬಾಯಿ. ಬಂದವರು ಉಪ್ಪಿಟ್ಟು ತಿಂದು, ಕೇಸರಿಬಾತು ಇನ್ನೊಂದು ಸಲ ಹಾಕಿಸಿಕೊಂಡು, "ತಿಳಿಸ್ತೀವಿ" ಎಂದು ಹೋಗುತ್ತಿದ್ದರು. ಹೋದ ಮೇಲೆ ಅವರನ್ನೆಲ್ಲ ನಾನು ಮಾಡಿ ತೋರಿಸುತ್ತಿದ್ದೆ. ಅಕ್ಕನೂ ನಗುತ್ತಿದ್ದಳು. ಆಮೇಲೆ ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಕೊನೆಗೆ ಕುಣಿಗಲ್ಲಿನ ಸಂಬಂಧವೊಂದು ಕೂಡಿ ಬಂತು. ಹುಡುಗ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಅವನನ್ನು ಅಣಕಿಸುವುದಕ್ಕೆ ಆಗುವುದಿಲ್ಲ, ಯಾಕೆಂದರೆ ಅವನು ಮಾತೇ ಆಡುವುದಿಲ್ಲ. ಅಕ್ಕ ಒಂದೇ ಷರತ್ತು ಹಾಕಿದಳು: ಗುಬ್ಬಿಯ ಕೆಲಸ ಬಿಡುವುದಿಲ್ಲ. ಮದುವೆಯಾದ ಮೇಲೆ ಮರಳೂರಿನ ಕಡೆ ಒಂದು ಮನೆ ಮಾಡುವುದು, ಅವನು ಅಲ್ಲಿಂದ ಕುಣಿಗಲ್ಲಿಗೆ ಹೋಗಲಿ, ಇವಳು ಗುಬ್ಬಿಗೆ. ಹುಡುಗ "ಹ್ಞೂಂ" ಅಂದ. ಅವನ ತಾಯಿ ಏನೂ ಅನ್ನಲಿಲ್ಲ. ಅದನ್ನೂ ಒಪ್ಪಿಗೆಯೆಂದೇ ಭಾವಿಸಿ ನಾವು ಎಲೆ ಅಡಿಕೆ ಬದಲಾಯಿಸಿಕೊಂಡೆವು.

ಅದಾದ ಕೆಲವು ದಿನಕ್ಕೆ ಅಕ್ಕ ಊಟಕ್ಕೆ ಕೂತಾಗ ಹೇಳಿದಳು: "ಅಮ್ಮ, ನಾನ್ ಒಂದ್ ವಾರ ವರ್ಕಲಾಕ್ಕೆ ಹೋಗ್ಬರ್ತೀನಿ."

"ಅದ್ಯಾವ ದೇವ್ರು?"

"ದೇವ್ರಲ್ಲ, ಸಮುದ್ರ. ಕೇರಳದಲ್ಲಿ."

"ಯಾರ್ ಜೊತೆ?"

"ಒಬ್ಳೇ."

ಅಮ್ಮನ ಕೈಯಲ್ಲಿದ್ದ ಮುದ್ದೆ ಅಲ್ಲೇ ನಿಂತಿತು. "ಶಾಸ್ತ್ರ ಆದ್ಮೇಲೆ ಹೆಣ್ಣು ಊರ್ ಗಡಿ ದಾಟ್ಬಾರ್ದು ಕಣೇ. ಅದೂ ಒಬ್ಳೇ, ಅದೂ ಸಮುದ್ರಕ್ಕೆ. ಕುಣಿಗಲ್ಲವ್ರಿಗೆ ಗೊತ್ತಾದ್ರೆ ಎಲೆ ಅಡ್ಕೆ ವಾಪಸ್ ಕಳಿಸ್ತಾರೆ."

"ಇನ್ಮೇಲೆ ಎಲ್ಲಿಗ್ ಹೋದ್ರೂ ಪಕ್ಕದಲ್ಲಿ ಯಾರಾದ್ರೂ ಇರ್ತಾರಮ್ಮ. ಒಂದ್ಸಲ ಪಕ್ಕ ಖಾಲಿ ಇರ್ಲಿ. ಇಲ್ಲಾಂದ್ರೆ ನಾನ್ ಹಸೆ ಮೇಲೆ ಕೂರಲ್ಲ."

ಗೋಡೆಯ ಮೇಲೆ ಅಪ್ಪ ಹಾರ ಹಾಕಿಸಿಕೊಂಡು ನಗುತ್ತಿದ್ದರು. ನಮ್ಮ ಮನೆಯಲ್ಲಿ ಯಾರ ಪಕ್ಷವನ್ನೂ ವಹಿಸದೆ ಬದುಕುತ್ತಿರುವವರು ಅವರೊಬ್ಬರೇ.

ಕೊನೆಗೆ ಅಮ್ಮ ಒಪ್ಪಿದಳು, ಆದರೆ ಅಕ್ಕನ ಫೋನು ಮನೆಯಲ್ಲೇ ಇರಬೇಕು ಅಂದಳು. ಕುಣಿಗಲ್ಲಿನ ಅತ್ತೆ ಸಂಜೆಯ ಧಾರಾವಾಹಿ ಮುಗಿದ ಕೂಡಲೇ ಆ ಫೋನಿಗೆ ಕರೆ ಮಾಡಿ ಭಾವೀ ಸೊಸೆಯನ್ನು ವಿಚಾರಿಸುವ ರೂಢಿ ಇಟ್ಟುಕೊಂಡಿದ್ದರು. ಅದು ಕೇರಳದಲ್ಲಿ ಸಿಗ್ನಲ್ ಇಲ್ಲದೆ ರೆಕಾರ್ಡಿನ ದನಿಯಲ್ಲಿ ಮಲಯಾಳ ಮಾತಾಡಿದರೆ ಕೆಲಸ ಕೆಟ್ಟಿತು. ಅಕ್ಕ ನನ್ನ ಹಳೆಯ, ಗಾಜು ಒಡೆದ ಫೋನು ತೆಗೆದುಕೊಂಡು, ಅಮ್ಮ ಕಟ್ಟಿಕೊಟ್ಟ ಹುರಿಹಿಟ್ಟು, ಚಟ್ನಿಪುಡಿ, ಚಕ್ಕುಲಿಯ ಸ್ಟೀಲ್ ಡಬ್ಬಿ ಹೊತ್ತು ರೈಲು ಹತ್ತಿದಳು. ಕೇಳಿದವರಿಗೆಲ್ಲ ಅಮ್ಮ "ಟ್ರೈನಿಂಗ್" ಎಂದಳು. ರಕ್ತ ತೆಗೆಯುವವಳಿಗೆ ಇನ್ನೇನು ಟ್ರೈನಿಂಗು, ಚಾಕು ಹಾಕೋದಾ ಎಂದು ನಾನು ಕೇಳಿದ್ದಕ್ಕೆ ಲಟ್ಟಣಿಗೆ ಬಂತು.

ಮೊದಲ ಸಂಜೆ ಫೋನು ಹೊಡೆದುಕೊಂಡಿತು. ಅಮ್ಮ ಎತ್ತಿ "ನೀರ್ ಹಾಕೋತಾವ್ಳೆ ಕಣಮ್ಮ" ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಇನ್ನೂ ನೀರು ಹಾಕೋತಿದ್ದಾಳೆ ಅಂದರೆ ಇದೇನು ಹೆಣ್ಣೋ ಎಮ್ಮೆಯೋ ಅಂದಾರು. ಅಮ್ಮ ಬೆವೆತು, ಫೋನನ್ನು ನನ್ನ ಕೈಗೆ ತುರುಕಿದಳು.

"ಮಾತಾಡ್ಲಾ. ಊರಿಗೆಲ್ಲ ಉಪ್ಯೋಗ ಆಯ್ತದೆ ನಿನ್ ನಾಲ್ಗೆ, ಮನೆಗೂ ಆಗ್ಲಿ."

ಅಕ್ಕನ ದನಿ ಸುಲಭ. ಸ್ವಲ್ಪ ಒರಟು, ವಾಕ್ಯದ ಕೊನೆಗೆ ಒಂದು ಕತ್ತರಿ. ನಾನು ಆ ಕತ್ತರಿಯನ್ನು ತೆಗೆದು ಅಲ್ಲಿ ಒಂದು ಚಮಚ ಜೇನು ಹಾಕಿದೆ. "ಹೇಳಿ ಅತ್ತೆ, ಊಟ ಆಯ್ತಾ?"

ಆ ಕಡೆಯಿಂದ ಅತ್ತೆ ಅಂದರು: "ಇಷ್ಟ್ ದಿನದಲ್ಲಿ ನೀನಾಗ್ ನೀನೇ ಇವತ್ತೇ ಕಣವ್ವ ಕೇಳಿದ್ದು."

ಹೀಗೆ ನಾನು ಕುಣಿಗಲ್ಲಿಗೆ ಸೊಸೆಯಾದೆ. ಒಳ್ಳೆಯ ಸೊಸೆ. ಬೆಳಿಗ್ಗೆ ಬೇಗ ಏಳುತ್ತೇನೆ ಅಂದೆ. ನಾನು ಎದ್ದಾಗ ಹಾಲಿನವನು ಎಮ್ಮೆಯನ್ನು ಎರಡನೇ ಸಲ ಕರೆಯಲು ಹೊರಟಿರುತ್ತಾನೆ. ರಂಗೋಲಿ ಇಷ್ಟ ಅಂದೆ. ಬಸ್ಸಾರು ಮಾಡುವುದು ಹೇಗೆಂದು ಅವರಿಂದ ಕಲಿತೆ, ಸೊಪ್ಪು ಬಸಿದ ನೀರು ಚೆಲ್ಲಬಾರದು ಎಂಬುದರವರೆಗೆ. ಹುಡುಗ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಿದ್ದ, ನಾನು ದಾಸವಾಳ ಕಳಿಸುತ್ತಿದ್ದೆ. ನಮ್ಮಿಬ್ಬರದೂ ಬಹಳ ಅನ್ಯೋನ್ಯ.

ಅತ್ತೆಯ ಫೋನು ಬರುವ ಮುಂಚೆ, ಬಿಸಿಲಿಳಿಯುವ ಹೊತ್ತಿಗೆ, ನನ್ನ ಫೋನಿಗೆ ನಿಜವಾದ ಅಕ್ಕನ ಕರೆ ಬರುತ್ತಿತ್ತು. ಹಿಂದೆ ಯಾರೋ ನಿಲ್ಲಿಸದೆ ಗೋಣಿಚೀಲ ಎಳೆಯುತ್ತಿರುವ ಹಾಗೆ ಶಬ್ದ. ಅದು ಅಲೆಯಂತೆ.

ಅಲ್ಲಿ ಒಂದು ಕೆಂಪು ಮಣ್ಣಿನ ದಿಬ್ಬ ಇದೆಯಂತೆ, ಅದರ ಅಂಚಿನಲ್ಲಿ ಅಂಗಡಿ ಹೋಟೆಲುಗಳು, ಕೆಳಗೆ ಸಮುದ್ರ. ಅಕ್ಕ ಮೊದಲ ದಿನ ಚೂಡಿದಾರದಲ್ಲೇ ನೀರಿಗಿಳಿದು, ಮೂಗು ಹಿಡಿದು, ಹೊಳೆಯಲ್ಲಿ ಮಾಡುವ ಹಾಗೆ ಮೂರು ಸಲ ಮುಳುಗಲು ಹೋದಳಂತೆ. ಎರಡನೆಯದರಲ್ಲೇ ಅಲೆ ಅವಳನ್ನು ಎತ್ತಿ, ತಿರುಗಿಸಿ, ಮರಳಿನ ಮೇಲೆ ಮಂಡಿಯೂರಿಸಿತು. ಕಾವಲಿನವನು ಸೀಟಿ ಊದಿದ. ಬಾಯಿ ತುಂಬ ಉಪ್ಪು. "ಎಡಗಾಲಿನ ಚಪ್ಲಿ ಹೋಯ್ತು ಕಣೋ" ಅಂದಳು, ಬಹುಮಾನ ಬಂದವಳ ಹಾಗೆ.

ಒಬ್ಬಳೇ ಬಂದ ಹೆಣ್ಣನ್ನು ಅಲ್ಲಿಯೂ ಯಾರೂ ಸುಮ್ಮನೆ ಬಿಡಲಿಲ್ಲ. ಹೋಟೆಲಿನವರು ದಿನಾ ಎರಡು ತಟ್ಟೆ ತಂದಿಟ್ಟು, ಕಾದು ನೋಡಿ, ಒಂದನ್ನು ವಾಪಸು ಒಯ್ಯುತ್ತಿದ್ದರು. ರೂಮಿನ ಯಜಮಾನಿ "ಹಸ್ಬೆಂಡ್?" ಎಂದು ದಿನಕ್ಕೊಂದು ಸಲ ಕೇಳುತ್ತಿದ್ದಳು. ಮೊದಲ ದಿನ ಅಕ್ಕ "ಬರ್ತಾರೆ" ಎಂದಳು. ಮರುದಿನ "ಮಲಗಿದಾರೆ". ಅದರ ಮರುದಿನ ಎಳನೀರಿನವನು ಕೇಳಿದ್ದಕ್ಕೆ ಸಮುದ್ರದ ಕಡೆ ಕೈ ತೋರಿಸಿ "ಅಲ್ಲಿದಾರೆ" ಅಂದಳು. ಅವನು ಬಹಳ ಹೊತ್ತು ನೀರನ್ನೇ ನೋಡಿ, ಎಳನೀರಿಗೆ ದುಡ್ಡು ತೆಗೆದುಕೊಳ್ಳಲಿಲ್ಲವಂತೆ. ಈ ವಿಷಯದಲ್ಲಿ ಅವಳು ನನ್ನ ಅಕ್ಕನೇ.

ಒಂದು ದಿನ ಕನ್ನಡದವರು ಸಿಕ್ಕರು. ಬೆಂಗಳೂರಿನ ಕಡೆಯ ಸಂಸಾರ, ಅವಳಿಂದ ನಾಲ್ಕು ಮಾರು ದೂರದಲ್ಲಿ ಜಮಖಾನ ಹಾಸಿ ಕೂತಿತ್ತು. ಅವರಲ್ಲಿ ಒಬ್ಬ ಹೆಂಗಸು ಇನ್ನೊಬ್ಬಳಿಗೆ ಹೇಳಿದಳು: "ನೋಡೇ, ಒಬ್ಳೇ ಬಂದವ್ಳೆ. ಏನೋ ಆಗೈತೆ ಇವ್ಳಿಗೆ. ಮುಖ ನೋಡು, ಗಂಡ ಬಿಟ್ಟವ್ನೆ." ಅಕ್ಕ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಅದೇ ಹೆಂಗಸು ಬಂದು, ಸನ್ನೆ ಮಾಡಿ, ತಮ್ಮೆಲ್ಲರ ಫೋಟೋ ತೆಗೆದುಕೊಡಲು ಫೋನು ಕೊಟ್ಟಳು. ಅಕ್ಕ ತೆಗೆದುಕೊಟ್ಟಳು. ವಾಪಸು ಕೊಡುವಾಗ ಅಚ್ಚಗನ್ನಡದಲ್ಲಿ "ನೀವ್ ಕಣ್ ಮುಚ್ಚಿದೀರ, ನೋಡ್ಕೊಳಿ" ಅಂದಳು. ಆ ಸಂಸಾರ ಜಮಖಾನ ಎತ್ತಿಕೊಂಡು ದಿಬ್ಬ ಹತ್ತಿತು.

"ನಿಂಗೆ ಬೇಜಾರಾಗ್ಲಿಲ್ವಾ?" ಅಂದೆ.

"ಆಯ್ತು. ಆಮೇಲೆ ನೀರಿಗ್ ಹೋದೆ. ಲ್ಯಾಬಲ್ಲಿ ದಿನಾ ಬೆಳಿಗ್ಗೆಯಿಂದ ನನ್ ಮುಂದೆ ಕೈ ಚಾಚ್ಕೊಂಡ್ ಕೂತಿರ್ತಾರೆ ಕಣೋ ಜನ, ಚುಚ್ಚಿದ್ರೆ ನನ್ನನ್ನೇ ದುರುಗುಟ್ಕೊಂಡು ನೋಡ್ತಾರೆ. ಇಲ್ಲಿ ಮಧ್ಯಾಹ್ನ ಎಲ್ಲಾ ಮರಳಲ್ಲಿ ಸುಮ್ನೆ ಬಿದ್ದಿದ್ದೆ. ಒಬ್ರೂ ಏನೂ ಕೇಳ್ಲಿಲ್ಲ." ಸ್ವಲ್ಪ ಹೊತ್ತು ಗೋಣಿಚೀಲದ ಶಬ್ದ. "ಕುಣಿಗಲ್ಲವ್ರು ಫೋನ್ ಮಾಡಿದ್ರಾ?"

"ನಾನ್ ನೋಡ್ಕೊತಿದೀನಿ ಬಿಡಕ್ಕ."

"ಹಾಳ್ ಮಾಡ್ಬೇಡ."

"ನಿನಗಿಂತ ಚೆನ್ನಾಗ್ ಮಾಡ್ತಿದೀನಿ," ಅಂದೆ. ಅದು ಸುಳ್ಳಲ್ಲ.

ಇಷ್ಟು ಒಳ್ಳೆಯ ಪಾತ್ರವನ್ನು ಅಮ್ಮನೊಬ್ಬಳ ಮುಂದೆ ಆಡಿ ಮುಗಿಸುವುದು ಕಲಾವಿದನಿಗೆ ಸಾಧ್ಯವೇ? ಬಟವಾಡಿಯ ಟೀ ಅಂಗಡಿಯಲ್ಲಿ ನನ್ನ ಗೆಳೆಯರಿಗೆ ದಿನಾ ಹಿಂದಿನ ಸಂಜೆಯ ಸಂಚಿಕೆಯನ್ನು ಆಡಿ ತೋರಿಸುತ್ತಿದ್ದೆ, ಅತ್ತೆಯ ಪಾತ್ರವೂ ನನ್ನದೇ. ಅತ್ತೆಯ ದನಿ ಎಂದರೆ ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ಮಾತಾಡಿದ ಹಾಗೆ, ನಡುನಡುವೆ ಸ್ವಲ್ಪ ತುಳುಕುತ್ತದೆ. ಅಕ್ಕ ಬರುವ ಹಿಂದಿನ ದಿನ ಗೆಳೆಯರು ಹಟ ಹಿಡಿದರು. ನಕಲು ಸಾಕು, ಅಸಲು ಬೇಕು. ಅಮ್ಮನಿಗೆ ಹೇಳದೆ ಅಕ್ಕನ ಫೋನನ್ನು ಟೀ ಅಂಗಡಿಗೆ ಒಯ್ದೆ. ಧಾರಾವಾಹಿ ಮುಗಿಯಿತು, ಫೋನು ಬಂತು, ಸ್ಪೀಕರ್ ಹಾಕಿದೆ.

"ಊಟ ಆಯ್ತಾ ಮಗ?"

"ಇನ್ನೂ ಇಲ್ಲ ಅತ್ತೆ. ನಿಮ್ದು?"

"ನಂದೇನವ್ವ, ನಿಮ್ ಮಾವ ಉಂಡ್ಮೇಲೆ. ಇವತ್ತು ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ತಟ್ಟೆ ಎತ್ತಿ ಅಂಗಳಕ್ಕೆ ಎಸೆದ್ರು. ಬೆಳಿಗ್ಗೆ ತಾನೇ ಸಾರ್ಸಿದ್ದೆ. ಮತ್ತೆ ಸಾರ್ಸ್ದೆ."

ನಾನು ಟೀ ಸಾಸರ್ ಎತ್ತಿ, ಮೀಸೆ ತಿರುವಿ, ಎಸೆಯುವ ಹಾಗೆ ಮಾಡಿ ತೋರಿಸಿದೆ. ಒಬ್ಬ ಗೆಳೆಯ ಬಾಯಿಯಲ್ಲಿದ್ದ ಟೀಯನ್ನು ಮೂಗಿನಿಂದ ಬಿಟ್ಟ.

"ಯಾರವ್ವ ಅದು ನಗ್ತಿರೋದು?"

"ಟಿವಿ ಅತ್ತೆ."

"ಸೌಂಡ್ ಕಮ್ಮಿ ಮಾಡವ್ವ. ಒಂದ್ ಮಾತ್ ಕೇಳ್ತೀನಿ. ನಮ್ ಮನೇಲಿ ಯಾರಿಗೂ ಹೇಳಿಲ್ಲ ಇದ. ನೀನ್ ಬಂದು ಈ ಮನೇಲೇ ಇದ್ರೆ ಅವ್ರು ಹಿಂಗೆಲ್ಲ ಆಡಲ್ಲ. ಹೊಸ ಹೆಣ್ಣಿನ ಮುಂದೆ ಬಾಯಿ ಬಿಗಿ ಹಿಡೀತಾರೆ. ಮರಳೂರಲ್ಲಿ ಮನೆ ಮಾಡಿದ್ರೆ ಮಗನೂ ಹೋಯ್ತಾನೆ, ನಾನ್ ಇಲ್ಲಿ ಒಬ್ಳೇ ಆಯ್ತೀನಿ. ಗುಬ್ಬಿ ಕೆಲ್ಸ ಬಿಟ್ಬುಡು ಮಗ. ನಿನ್ ಕಾಲಿಗ್ ಬೀಳ್ತೀನಿ ಅಂದ್ಕೊ."

ಟೀ ಅಂಗಡಿ ನಿಶ್ಶಬ್ದವಾಯಿತು. ಸ್ಟವ್ ಕೂಡ ಆರಿಸಿದ್ದರು. ಮೈಕು ಹಿಡಿದವನಿಗೆ ಈ ನಿಶ್ಶಬ್ದ ಗೊತ್ತು. ಇದಕ್ಕಾಗಿಯೇ ಅವನು ಬದುಕುವುದು. ಇಂಥ ಹೊತ್ತಿನಲ್ಲಿ "ಯೋಚ್ನೆ ಮಾಡ್ತೀನಿ" ಅನ್ನುವವನು ಕಲಾವಿದನಲ್ಲ, ಗುಮಾಸ್ತ.

"ಬಿಡ್ತೀನಿ ಅತ್ತೆ," ಅಂದೆ, ಕೊನೆಯಲ್ಲಿ ದನಿಯನ್ನು ಸ್ವಲ್ಪ ನಡುಗಿಸಿ.

ಅತ್ತೆ ಅಳಲು ಶುರು ಮಾಡಿದರು. ಗೆಳೆಯರು ಟೇಬಲ್ ಬಡಿದರು.

ಮನೆಗೆ ಬಂದು ಅಮ್ಮನಿಗೆ, ಟೀ ಅಂಗಡಿಯನ್ನು ಬಿಟ್ಟು, ಉಳಿದದ್ದು ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅಮ್ಮ ಹುರುಳಿಕಾಯಿ ಸೋಸುತ್ತಾ ಕೂತಿದ್ದವಳು ತಲೆ ಎತ್ತಲಿಲ್ಲ. "ಒಳ್ಳೇದೇ ಆಯ್ತು ಬುಡು. ಅವ್ಳ ಬಾಯಲ್ಲಿ ಈ ಜನ್ಮಕ್ಕೆ ಬರ್ತಿರ್ಲಿಲ್ಲ, ನಿನ್ ಬಾಯಲ್ಲಾದ್ರೂ ಬಂತು. ಅವ್ಳಿಗ್ ಹೇಳ್ಬೇಡ. ಮದ್ವೆ ಆಗ್ಲಿ, ಆಮೇಲ್ ತಾನೇ ಒಗ್ಗೋಯ್ತಾಳೆ."

ಅಕ್ಕ ಬಂದಳು. ಹೊಸ ರಬ್ಬರ್ ಚಪ್ಪಲಿ, ಸಿಪ್ಪೆ ಏಳುತ್ತಿದ್ದ ಮೂಗು, ಬಾಣಲೆಯ ತಳದ ಬಣ್ಣ. ಡಬ್ಬಿಯಲ್ಲಿ ಚಕ್ಕುಲಿ ಮುಗಿದು ಮರಳು ಉಳಿದಿತ್ತು. ಅವಳು ಅಡುಗೆಮನೆಯಲ್ಲಿ ಏನೋ ಗುನುಗುತ್ತಾ ಓಡಾಡಿದಳು, ಅದನ್ನು ನಾನು ಅದುವರೆಗೆ ಕೇಳಿರಲಿಲ್ಲವಾದ್ದರಿಂದ ಅಣಕಿಸಲು ಬರಲಿಲ್ಲ. ಅವಳಿಗೆ ನಾನೂ ಹೇಳಲಿಲ್ಲ, ಅಮ್ಮನೂ ಹೇಳಲಿಲ್ಲ. ಅಕ್ಕ ಮಾರನೆಯ ದಿನವೇ ಗುಬ್ಬಿಗೆ ಹೋದಳು. ಸಂಜೆ ಕುಣಿಗಲ್ಲಿನ ಫೋನು ಬಂದಾಗ ಅಕ್ಕ ಎತ್ತುವ ಮುಂಚೆ ಅಮ್ಮನೇ ಎತ್ತಿ "ಗಂಟ್ಲು ಕಟ್ಟೈತೆ" ಎಂದು ದಿನ ದೂಡಿದಳು.

ಭಾನುವಾರ ಅತ್ತೆಯೇ ಬಂದರು, ಧಾರೆ ಸೀರೆ ತೆಗೆಯಲು, ಮಗನ ಜೊತೆ. ಮಗ ಹೊರಗಿನ ಕುರ್ಚಿಯಲ್ಲಿ ಕೂತು ನಮ್ಮ ಮನೆಯ ಫ್ಯಾನಿನ ಶಬ್ದವನ್ನು ಪರೀಕ್ಷಿಸುತ್ತಿದ್ದ. ಅತ್ತೆ ಸೀದಾ ಅಕ್ಕನ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡರು.

"ಎಷ್ಟ್ ಕಪ್ಪಾಗ್ಬುಟ್ಟಿದೀಯ ಮಗ. ಗುಬ್ಬಿ ಬಸ್ಸು, ಬಿಸ್ಲು. ಇನ್ನೇನ್ ಬುಡು, ಇನ್ನೊಂದ್ ತಿಂಗ್ಳು."

"ಒಂದ್ ತಿಂಗ್ಳು ಆದ್ಮೇಲೆ ಏನತ್ತೆ?"

"ನೀನೇ ಅಂದ್ಯಲ್ಲವ್ವ, ಬಿಡ್ತೀನಿ ಅಂತ."

ಅಮ್ಮ "ಕಾಫಿ ಕೊಡೇ" ಅಂದಳು. ಅಕ್ಕ ಅಲುಗಾಡಲಿಲ್ಲ. ಕತ್ತು ಮಾತ್ರ ನನ್ನ ಕಡೆ ತಿರುಗಿತು. ರಕ್ತ ತೆಗೆಯುವ ಮುಂಚೆ ನರ ಎಲ್ಲಿದೆ ಎಂದು ನೋಡುವವಳ ಹಾಗೆ ನನ್ನನ್ನು ನೋಡಿದಳು. ಅವಳ ಒಂದು "ಹೌದತ್ತೆ" ಸಾಕಿತ್ತು, ಮದುವೆ ನಡೆದುಹೋಗುತ್ತಿತ್ತು, ಗುಬ್ಬಿ ಹೋಗುತ್ತಿತ್ತು. ಅಮ್ಮನ ಕಣ್ಣು ಅದನ್ನೇ ಬೇಡುತ್ತಿತ್ತು.

"ಅತ್ತೆ, ಫೋನಲ್ಲಿದ್ದಿದ್ದು ನಾನಲ್ಲ. ನಾನ್ ಆ ವಾರ ಇಲ್ಲಿರ್ಲೇ ಇಲ್ಲ. ಕೇರಳಕ್ಕೆ, ಸಮುದ್ರಕ್ಕೆ ಹೋಗಿದ್ದೆ, ಒಬ್ಳೇ. ಮಾತಾಡಿದ್ದು ಇವ್ನು."

ಅತ್ತೆ ನಕ್ಕರು. "ತಮಾಷೆ ಮಾಡ್ಬೇಡವ್ವ. ನಂಗ್ ಗೊತ್ತಾಗಲ್ವ ನಿನ್ ದನಿ?"

"ಮಾತಾಡೋ," ಅಂದಳು ಅಕ್ಕ.

ನಾನು ಸಾವಿರ ಜನರ ಮುಂದೆ ಮಾತಾಡಿದ್ದೇನೆ. ಗಂಟಲು ಸರಿಮಾಡಿಕೊಂಡೆ. "ಊಟ ಆಯ್ತಾ ಅತ್ತೆ?" ಅಂದೆ. ದನಿ ಎಷ್ಟು ಚೆನ್ನಾಗಿ ಬಂತೆಂದರೆ ಹೊರಗೆ ಕೂತಿದ್ದ ಹುಡುಗ ಕೂಡ ತಿರುಗಿ ಅಕ್ಕನನ್ನು ನೋಡಿದ.

ಅತ್ತೆ ಅಕ್ಕನ ಕೈಗಳನ್ನು ಬಿಟ್ಟರು. ಸೆರಗಿನಲ್ಲಿ ತಮ್ಮ ಕೈ ಒರೆಸಿಕೊಂಡರು, ಏನೋ ಅಂಟಿದ ಹಾಗೆ. "ಅವತ್ತು ನಕ್ಕಿದ್ದು ಟಿವಿ ಅಲ್ಲ ಅಂಗಾರೆ," ಅಂದರು. ನಾನು ತಲೆ ಎತ್ತಿ ಫ್ಯಾನು ನೋಡಿದೆ.

ಅಮ್ಮ ಕೈ ಮುಗಿದಳು. "ಹುಡ್ಗು ಬುದ್ಧಿ ಕಣಮ್ಮ. ಇವ್ಳು ಹೋಗಿದ್ದೊಂದ್ ತಪ್ಪಾಯ್ತು."

"ಹೆಣ್ಣು ಸಮುದ್ರಕ್ಕೆ ಹೋದ್ಲು ಅಂತ ನಾನ್ ಸಂಬಂಧ ಬುಡಲ್ಲ ತಾಯಿ. ಹೋಗ್ಲಿ. ನಾನೂ ಎಲ್ಲಿಗಾದ್ರೂ ಹೋಗ್ಬೇಕು ಅಂದ್ಕೊಂಡವ್ಳೇ." ಅತ್ತೆ ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿದರು. "ಆದ್ರೆ ನಂಗೆ ಬೇಕಾಗಿದ್ದು ಫೋನಲ್ಲಿದ್ದವ್ಳು. ಅವ್ಳು ಇಲ್ವೇ ಇಲ್ವಲ್ಲ."

"ಇಲ್ಲತ್ತೆ," ಅಂದಳು ಅಕ್ಕ. "ನಾನ್ ಕೆಲ್ಸ ಬಿಡಲ್ಲ."

ಅತ್ತೆ ಕಾಫಿ ಕುಡಿಯದೆ ಎದ್ದರು. ಹುಡುಗ "ಹ್ಞೂಂ" ಅಂದ, ಯಾರಿಗೆ, ಯಾಕೆ ಎಂದು ತಿಳಿಯಲಿಲ್ಲ. ಎಲೆ ಅಡಿಕೆಯ ಜೊತೆ ನಾವು ಕೊಟ್ಟಿದ್ದ ಬೆಳ್ಳಿ ಬಟ್ಟಲು ವಾರದೊಳಗೆ ಯಾರದೋ ಕೈಯಲ್ಲಿ ವಾಪಸು ಬಂತು.

ಬೈಗುಳ ಬಿದ್ದಿದ್ದು ಅಕ್ಕನಿಗೆ. ಅಮ್ಮ ಅವಳ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಳು, ಬೇಕಾದ್ದನ್ನು ನನ್ನ ಮೂಲಕ ಹೇಳಿಸಿದಳು: "ನಿಮ್ ಅಕ್ಕಂಗ್ ಹೇಳು, ಸಮುದ್ರದ್ ರಾಣಿಗೆ, ಅನ್ನ ಬಡ್ಸೈತೆ ಅಂತ." ನಾನು ಅಮ್ಮನ ದನಿಯಲ್ಲೇ ಹೇಳುತ್ತಿದ್ದೆ. ದೊಡ್ಡಮ್ಮಂದಿರು ಬಂದು ಒಬ್ಬಳೇ ಹೋದ ಹೆಣ್ಣಿಗೆ ಅಲ್ಲಿ ಏನೇನು ಆಗಿರಬಹುದು ಎಂದು ಅವಳಿಗೆ ಕೇಳಿಸುವ ಹಾಗೆ ಪಿಸುಗುಟ್ಟಿದರು. ನನ್ನ ತಲೆ ಸವರಿ, "ಇವನ್ದೇನು, ಗಂಡ್ಹುಡ್ಗ, ಚೇಷ್ಟೆ" ಅಂದರು. ನನಗೆ ಯಾರೂ ಏನೂ ಅನ್ನಲಿಲ್ಲ. ಬದಲಿಗೆ ಊರಲ್ಲಿ ಸುದ್ದಿಯಾಗಿ ನನಗೆ ಮೂರು ಕಡೆ ಕಾರ್ಯಕ್ರಮ ಸಿಕ್ಕಿತು.

ಮೊನ್ನೆ ಗುಬ್ಬಿಯಲ್ಲಿ ನಮ್ಮ ಸೋದರಮಾವನ ಮೊಮ್ಮಗುವಿನ ನಾಮಕರಣ. ಅಕ್ಕ ಲ್ಯಾಬಿನಿಂದ ಊಟದ ಹೊತ್ತಿಗೆ ನಡೆದು ಬಂದು ಪಂಕ್ತಿಯ ಕೊನೆಯಲ್ಲಿ ಕೂತಿದ್ದಳು. ಪಾಯಸ ಬರುವ ಹೊತ್ತಿಗೆ ಮಾವ ಎಲ್ಲರಿಗೂ ಕೇಳುವ ಹಾಗೆ ಅಂದರು: "ಲೋ, ಆ ಕುಣಿಗಲ್ ಅಮ್ಮಂದ್ ಮಾಡ್ಲಾ. ತಟ್ಟೆ ಎಸೆಯೋದು."

ನಾನು ಎದ್ದು ನಿಂತು ಮಾಡಿದೆ. ಕೊಡ ಸೊಂಟಕ್ಕಿಟ್ಟೆ, ತುಳುಕಿಸಿದೆ, ಅಂಗಳ ಸಾರಿಸಿದೆ, ಮತ್ತೆ ಸಾರಿಸಿದೆ. ಪಂಕ್ತಿ ಪೂರ್ತಿ ಎಲೆಯ ಮೇಲೆ ಬಿದ್ದು ನಕ್ಕಿತು. ಅಮ್ಮನೂ ಸೆರಗು ಬಾಯಿಗಿಟ್ಟು ನಕ್ಕಳು. ಅಕ್ಕ ಎಲೆ ಮಡಚಿ, ಕೈ ತೊಳೆದು, ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕ ಬಂದು ನಿಂತಳು.

"ದನಿ ಸ್ವಲ್ಪ ದಪ್ಪ ಆಯ್ತು. ಅವ್ರದ್ದು ಅಷ್ಟು ದಪ್ಪ ಇಲ್ಲ."

"ನಿಂಗ್ ಹೆಂಗ್ ಗೊತ್ತು?"

"ಮಧ್ಯಾಹ್ನ ಲ್ಯಾಬು ಖಾಲಿ ಇರ್ತದೆ. ಅವ್ರೇ ಫೋನ್ ಮಾಡ್ತಾರೆ. ಮಗನ್ಗೆ ಬೇರೆ ಕಡೆ ನೋಡ್ತಿದಾರಂತೆ. ನಂಗ್ ಸಮುದ್ರದ್ ವಿಷ್ಯ ಹೇಳು ಅಂತಾರೆ, ಹೇಳ್ತೀನಿ." ಚಪ್ಪಲಿ ಹಾಕಿಕೊಳ್ಳುತ್ತಾ ಸೇರಿಸಿದಳು, "ನಿನ್ನ ಮಾತ್ ಎತ್ತಲ್ಲ ಅವ್ರು."

ಅವಳು ಲ್ಯಾಬಿನ ಕಡೆ ಹೊರಟಳು. ಎರಡನೇ ಪಂಕ್ತಿಗೆ ಎಲೆ ಹಾಕಿದ್ದರು. ಮಾವ ಮತ್ತೆ ಕೂಗಿದರು, ಇವರು ನೋಡಿಲ್ಲ ಕಣ್ಲಾ, ಇನ್ನೊಂದ್ಸಲ ಅಂತ. ನಾನು ಇನ್ನೊಂದು ಸಲ ಮಾಡಿದೆ. ಈ ಸಲ ದನಿಯನ್ನು ಸ್ವಲ್ಪ ತೆಳು ಮಾಡಿಕೊಂಡೆ. ಮೊದಲಿಗಿಂತ ಹೆಚ್ಚು ನಕ್ಕರು.